ಊರಿನ ಮನೆಯ ಟಿವಿಯನ್ನು ದೂರದಿಂದ ನೋಡುವುದು, ಕೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ ದಸರಾದ ಕೊನೆಯ ರಾತ್ರಿ ದಶಮಂಟಪಗಳು, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳು, ಹೊರಡುವ ಹೊತ್ತಿಗೆ ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿರುತ್ತಿದ್ದೆ. ಚೇರಂಬಾಣೆಯ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಟಿವಿಯ ಮುಂದೆ ಮೊಬೈಲ್ ಹಿಡಿದು ವಿಡಿಯೊ ಕರೆ ಮಾಡಿ ಕುಳಿತಿರುತ್ತಿದ್ದರು. ಅವರ ಕೈ ಸೋತಾಗ ಮಂಟಪದ ಬದಲು ಫ್ಯಾನ್ ಕಾಣುತ್ತಿತ್ತು, ನಿದ್ದೆ ಬಂದಾಗ ಸೀರೆಯ ಸೆರಗು. ಎರಡು ವರ್ಷ ಹೀಗೆ ನಡೆದ ಮೇಲೆ ಮನೆಯ ಟಿವಿಯನ್ನೇ ಇಂಟರ್ನೆಟ್ ಮೂಲಕ ತರಿಸಿಕೊಳ್ಳುವ ಕೆಲಸಕ್ಕೆ ಕೈ ಹಾಕಿದೆ. ಆಮೇಲೆ ನಾಪೋಕ್ಲು, ಸಿದ್ದಾಪುರ, ಪೊನ್ನಂಪೇಟೆಯ ನೆಂಟರಿಷ್ಟರ ಮನೆಗಳಲ್ಲೂ ಇದೇ ಕೆಲಸ ಮಾಡಿಕೊಟ್ಟಿದ್ದೇನೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಮೊಬೈಲ್ ಆ್ಯಪ್‌ನಲ್ಲಿ ಟಿವಿ ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಆ್ಯಪ್‌ನಲ್ಲಿ ಕಾರ್ಯಕ್ರಮ ಬರುವುದು ವಾಹಿನಿಯವರ ಸರ್ವರ್‌ನಿಂದ. ಇಲ್ಲಿ ಬರುವುದು ನಿಮ್ಮ ಮನೆಯ ಸೆಟ್‌ಟಾಪ್ ಬಾಕ್ಸ್‌ನಿಂದ. ಬಾಕ್ಸ್‌ನಿಂದ ಟಿವಿಗೆ ಹೋಗುವ ಚಿತ್ರ ಮತ್ತು ಧ್ವನಿಯನ್ನು ಇನ್ನೊಂದು ಸಣ್ಣ ಯಂತ್ರ ಹಿಡಿದು, ಕುಗ್ಗಿಸಿ, ಮನೆಯ ರೂಟರ್ ಮೂಲಕ ನಿಮಗೆ ಕಳಿಸುತ್ತದೆ. ಮನೆಯಲ್ಲಿ ಯಾವ ವಾಹಿನಿಗಳು ಬರುತ್ತವೆಯೋ ಅವಷ್ಟೇ ನಿಮಗೂ ಬರುತ್ತವೆ. ಮನೆಯಲ್ಲಿ ಕರೆಂಟ್ ಹೋದರೆ ನಿಮಗೂ ಹೋಯಿತು.

ನನಗೆ ಇದು ನಿಜವಾಗಿಯೂ ಬೇಕೇ?

ಬಹುಪಾಲು ಜನರಿಗೆ ಬೇಡ. ಹೀಗೆ ಹೇಳಿ ಎರಡು ಮೂರು ಮನೆಗಳವರನ್ನು ನಿರಾಸೆಗೊಳಿಸಿದ್ದೇನೆ, ಆದರೂ ಮೊದಲು ಇದನ್ನೇ ಹೇಳುತ್ತೇನೆ. ಧಾರಾವಾಹಿ ಬೇಕಾದರೆ ಜೀ5, ಜಿಯೋಹಾಟ್‌ಸ್ಟಾರ್, ಸನ್ ನೆಕ್ಸ್ಟ್ ಇವೆ. ಕನ್ನಡದ ಸುದ್ದಿ ವಾಹಿನಿಗಳು ಯೂಟ್ಯೂಬ್‌ನಲ್ಲೇ ದಿನವಿಡೀ ನೇರಪ್ರಸಾರ ಮಾಡುತ್ತವೆ. ದೂರದರ್ಶನ ಮತ್ತು ಆಕಾಶವಾಣಿಗಾಗಿ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ವೇವ್ಸ್ ಆ್ಯಪ್ ಇದೆ. ತಲಕಾವೇರಿಯ ತೀರ್ಥೋದ್ಭವವನ್ನು ಅಕ್ಟೋಬರ್‌ನಲ್ಲಿ ಹತ್ತು ಕಡೆ ತೋರಿಸುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದ ಪಂದ್ಯಗಳೂ ಈಗ ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಡಿಟಿಎಚ್ ಕಂಪನಿಗಳಿಗೂ ತಮ್ಮದೇ ಆ್ಯಪ್‌ಗಳಿವೆ. ಮನೆಯಲ್ಲಿ ಕಟ್ಟಿದ ಪ್ಯಾಕ್‌ನ ಅನೇಕ ವಾಹಿನಿಗಳು ಅದೇ ಖಾತೆಯಲ್ಲಿ ಮೊಬೈಲ್‌ಗೂ ಬರುತ್ತವೆ.

ಹಾಗಾದರೆ ಉಳಿದದ್ದೇನು? ಸ್ಥಳೀಯ ಕೇಬಲ್ ವಾಹಿನಿ. ಊರಿನ ಸಾವಿನ ಸುದ್ದಿ, ಸಂತೆಯ ದಿನದ ಕರಿಮೆಣಸಿನ ದರ, ಯಾವ ರಸ್ತೆಯಲ್ಲಿ ಮರ ಬಿದ್ದಿದೆ ಎಂಬ ಸಾಲು ಪರದೆಯ ಕೆಳಗೆ ಓಡುವುದು ಅದರಲ್ಲೇ. ನಾಲ್ಕು ಶಕ್ತಿದೇವತೆಗಳ ಕರಗಗಳು ನಗರ ಪ್ರದಕ್ಷಿಣೆಗೆ ಹೊರಟಾಗ ಯಾವ ಬೀದಿಯಲ್ಲಿವೆ ಎಂದು ರಾತ್ರಿಯಿಡೀ ತೋರಿಸುವುದೂ ಅದೇ. ಅದು ಜಿಲ್ಲೆ ದಾಟಿದರೆ ಕಾಣುವುದಿಲ್ಲ. ಅಂಥ ವಾಹಿನಿಯವರು ಯೂಟ್ಯೂಬ್‌ಗೆ ಒಂದಿಷ್ಟು ತುಣುಕು ಹಾಕುತ್ತಾರೆ, ಎಲ್ಲವನ್ನೂ ಅಲ್ಲ. ನಿಮಗೆ ಬೇಕಾದದ್ದು ಇದಾದರೆ ಮುಂದೆ ಓದಿ. ಇಲ್ಲವಾದರೆ ಆ್ಯಪ್ ಹಾಕಿಕೊಳ್ಳಿ, ಕೆಲಸ ಮುಗಿಯಿತು.

ಭಾವ ಅಮೆರಿಕದಿಂದ ತಂದ ಹಳೆಯ ಸ್ಲಿಂಗ್‌ಬಾಕ್ಸ್ ಅಟ್ಟದಲ್ಲಿದೆ. ಅದು ನಡೆಯುತ್ತದೆಯೇ?

ಈ ಕೆಲಸಕ್ಕೆಂದೇ ಹುಟ್ಟಿ ಹೆಸರು ಮಾಡಿದ ಪೆಟ್ಟಿಗೆ ಅದು. ಅಮೆರಿಕದ ಕ್ರಿಕೋರಿಯನ್ ಸಹೋದರರಿಗೆ ಪ್ರಯಾಣದಲ್ಲಿದ್ದಾಗ ತಮ್ಮ ಊರಿನ ಬೇಸ್‌ಬಾಲ್ ತಂಡದ ಆಟ ನೋಡಲಾಗುತ್ತಿರಲಿಲ್ಲ. ಆ ಸಿಟ್ಟಿನಿಂದ ಹುಟ್ಟಿದ ಸ್ಲಿಂಗ್‌ಬಾಕ್ಸ್ 2005ರಲ್ಲಿ ಮಾರುಕಟ್ಟೆಗೆ ಬಂತು. ಅವರಿಗೆ ಬೇಸ್‌ಬಾಲ್, ನಮಗೆ ದಶಮಂಟಪ, ಹಂಬಲ ಒಂದೇ. 2007ರಲ್ಲಿ ಎಕೋಸ್ಟಾರ್ ಕಂಪನಿ ಅದನ್ನು ಕೊಂಡಿತು, 2020ರಲ್ಲಿ ಮಾರಾಟ ನಿಲ್ಲಿಸುವ ಘೋಷಣೆ ಬಂತು, 2022ರ ನವೆಂಬರ್ 9ರಂದು ಸರ್ವರ್‌ಗಳೂ ಆರಿದವು. ಪೆಟ್ಟಿಗೆ ಹಾಳಾಗದಿದ್ದರೂ ಅದನ್ನು ಹುಡುಕಿ ಸಂಪರ್ಕ ಕೊಡಿಸುತ್ತಿದ್ದ ಸರ್ವರ್ ಇಲ್ಲದ ಮೇಲೆ ಆ್ಯಪ್‌ಗೆ ದಾರಿ ತಿಳಿಯುವುದಿಲ್ಲ. ಹವ್ಯಾಸಿಗಳು ಬರೆದ ತಂತ್ರಾಂಶದಿಂದ ಕೆಲವು ಮಾದರಿಗಳನ್ನು ಮತ್ತೆ ಎಬ್ಬಿಸಬಹುದು. ಆದರೆ ಅದು ಹಳೆಯ ಜೀಪನ್ನು ರಿಪೇರಿ ಮಾಡುವ ಖುಷಿಯಂಥದ್ದು, ದಸರಾ ರಾತ್ರಿಗೆ ನಂಬಿ ಕೂರುವಂಥದ್ದಲ್ಲ. ಅಟ್ಟದಲ್ಲೇ ಇರಲಿ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಯಾವುದು?

ನಿಮ್ಮ ತೋಟದ ಮನೆಯಲ್ಲಿ ಸಿಸಿಟಿವಿ ಇದೆಯೇ? ಕಾಫಿ ಕಣದ ಮೇಲೆ, ಗೇಟಿನ ಮೇಲೆ, ಆನೆ ಬರುವ ದಾರಿಯ ಮೇಲೆ ಕಣ್ಣಿಡಲು ಈಗ ಬಹಳ ಮನೆಗಳಲ್ಲಿ ಹಾಕಿಸಿದ್ದಾರೆ. ಆ ಕ್ಯಾಮೆರಾಗಳ ತಂತಿ ಬಂದು ಸೇರುವ ಡಿವಿಆರ್ ಪೆಟ್ಟಿಗೆಯ ಹಿಂಭಾಗ ನೋಡಿ. ನಾಲ್ಕು ಅಥವಾ ಎಂಟು ಕಿಂಡಿಗಳಿರುತ್ತವೆ, ಸಾಮಾನ್ಯವಾಗಿ ಒಂದೆರಡು ಖಾಲಿ ಇರುತ್ತವೆ. ಆ ಖಾಲಿ ಕಿಂಡಿಗೆ ಕ್ಯಾಮೆರಾದ ಬದಲು ಸೆಟ್‌ಟಾಪ್ ಬಾಕ್ಸ್‌ನ ಹಳದಿ ವಿಡಿಯೊ ಪಿನ್ನನ್ನು ಸಿಕ್ಕಿಸಬಹುದು! ಹಳದಿ ಪಿನ್ನನ್ನು ಬಿಎನ್‌ಸಿ ಕಿಂಡಿಗೆ ಹೊಂದಿಸುವ ಸಣ್ಣ ಕನ್ವರ್ಟರ್ ಬೇಕು. ಸಿಸಿಟಿವಿ ಹಾಕುವವರ ಚೀಲದಲ್ಲಿ ಅದು ಇದ್ದೇ ಇರುತ್ತದೆ. ಈಚಿನ ಡಿವಿಆರ್‌ಗಳು ಐದು ಬಗೆಯ ಸಂಕೇತಗಳನ್ನು ಒಪ್ಪುತ್ತವೆ, ಅದರಲ್ಲಿ ಹಳೆಯ ಅನಲಾಗ್ ವಿಡಿಯೊ ಕೂಡ ಒಂದು. ಸೆಟ್ಟಿಂಗ್ಸ್‌ನಲ್ಲಿ ಆ ಕಿಂಡಿಯನ್ನು ಅನಲಾಗ್‌ಗೆ ಬದಲಾಯಿಸಿದರೆ ನಾಲ್ಕನೆಯ ಕ್ಯಾಮೆರಾದ ಜಾಗದಲ್ಲಿ ಟಿವಿ ಮೂಡುತ್ತದೆ. ಗೇಟು, ಕಣ, ಹಿತ್ತಲು, ಪಕ್ಕದಲ್ಲೇ ದಶಮಂಟಪ.

ಧ್ವನಿಗೆ ಕೆಂಪು ಅಥವಾ ಬಿಳಿ ಪಿನ್ನನ್ನು ಡಿವಿಆರ್‌ನ ಆಡಿಯೊ ಕಿಂಡಿಗೆ ಕೊಡಬೇಕು. ಬಹಳ ಡಿವಿಆರ್‌ಗಳಲ್ಲಿ ಆಡಿಯೊ ಕಿಂಡಿ ಒಂದೇ, ಅದೂ ಮೊದಲನೆಯ ಕ್ಯಾಮೆರಾದೊಂದಿಗೆ ಬೆಸೆದಿರುತ್ತದೆ. ಆದ್ದರಿಂದ ಟಿವಿಯನ್ನು ಮೊದಲನೆಯ ಕಿಂಡಿಗೇ ಹಾಕಿ, ಗೇಟಿನ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸುವುದು ಒಳ್ಳೆಯದು. ಧ್ವನಿ ದೂರವಾಣಿಯಲ್ಲಿ ಕೇಳಿದಂತಿರುತ್ತದೆ: ಮಾತು ತಿಳಿಯುತ್ತದೆ, ವಾಲಗದ ಸೊಗಸು ಸತ್ತುಹೋಗುತ್ತದೆ. ಚಿತ್ರವೂ ಹಳೆಯ ಟಿವಿಯ ಮಟ್ಟದ್ದೇ. ಆದರೆ ಸ್ಥಳೀಯ ಕೇಬಲ್ ವಾಹಿನಿ ಮೂಲದಲ್ಲೇ ಆ ಮಟ್ಟದಲ್ಲಿ ಬರುವುದರಿಂದ ಕಳೆದುಕೊಳ್ಳುವುದು ಹೆಚ್ಚಿಲ್ಲ.

ಈ ಉಪಾಯದಲ್ಲಿ ನನಗೆ ಮೆಚ್ಚುಗೆಯಾದದ್ದು ಬೇರೆ. ಹೊರಗಿನಿಂದ ಮನೆಗೆ ದಾರಿ ಮಾಡುವ ತಲೆನೋವನ್ನು ಸಿಸಿಟಿವಿಯ ಆ್ಯಪ್ ಆಗಲೇ ನಿಭಾಯಿಸಿರುತ್ತದೆ. ಅಪ್ಪನ ಮೊಬೈಲ್‌ನಲ್ಲಿ ಆ ಆ್ಯಪ್ ಇದೆ, ಅದನ್ನು ತೆರೆಯುವುದು ಅವರಿಗೆ ಅಭ್ಯಾಸವಾಗಿದೆ. ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ.

ಇನ್ನೂ ಚೆನ್ನಾಗಿ ನೋಡಬೇಕು. ಏನೇನು ಬೇಕು?

ಒಂದು ಸಣ್ಣ ಕಂಪ್ಯೂಟರ್, ಬಾಕ್ಸ್‌ನ ಚಿತ್ರವನ್ನು ಹಿಡಿದು ಅದಕ್ಕೆ ಕೊಡುವ ಒಂದು ಕ್ಯಾಪ್ಚರ್ ಸಾಧನ. ಹಳದಿ, ಕೆಂಪು, ಬಿಳಿ ಪಿನ್ನುಗಳನ್ನು ಯುಎಸ್‌ಬಿಗೆ ತಿರುಗಿಸುವ ಕಡ್ಡಿ ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತದೆ. ಕಂಪ್ಯೂಟರ್ ಆಗಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ಒಂದು ಎಚ್ಚರ: ರಾಸ್ಪ್‌ಬೆರಿ ಪೈ 4ರಲ್ಲಿ ವಿಡಿಯೊ ಕುಗ್ಗಿಸುವ ಯಂತ್ರಾಂಶ ಒಳಗೇ ಇದೆ, ಹೊಸದಾದ ಪೈ 5ರಲ್ಲಿ ಅದನ್ನು ತೆಗೆದಿದ್ದಾರೆ. ಸಾಧಾರಣ ಗುಣಮಟ್ಟದ ಚಿತ್ರವನ್ನು ಪೈ 5 ತನ್ನ ಪ್ರೊಸೆಸರ್ ಬಲದಿಂದಲೇ ನಿಭಾಯಿಸುತ್ತದೆ, ಆದರೆ ಈ ಒಂದು ಕೆಲಸಕ್ಕಾಗಿ ಹೆಚ್ಚು ದುಡ್ಡು ಕೊಟ್ಟು ಹೊಸದನ್ನು ತರಬೇಕಾಗಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಇನ್ನೂ ವಾಸಿ. ಅದರ ಬ್ಯಾಟರಿ ಅರೆಜೀವವಾಗಿದ್ದರೂ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣವನ್ನು ದಾಟಿಸುತ್ತದೆ.

ತಂತ್ರಾಂಶದಲ್ಲಿ ಎಫ್‌ಎಫ್‌ಎಂಪೆಗ್ ಚಿತ್ರವನ್ನು ಹಿಡಿದು ಕುಗ್ಗಿಸುತ್ತದೆ, ಮೀಡಿಯಾಎಂಟಿಎಕ್ಸ್ ಅದನ್ನು ಹಂಚುತ್ತದೆ. ನೋಡಲು ಮೊಬೈಲ್‌ನಲ್ಲಿ ವಿಎಲ್‌ಸಿ. ಎಲ್ಲವೂ ಉಚಿತ. ಇದು ಬೇಡ ಎನ್ನುವವರಿಗೆ ಎನ್‌ಕೋಡರ್ ಎಂದು ಮಾರುವ ತಯಾರಾದ ಪೆಟ್ಟಿಗೆಗಳಿವೆ. ಒಂದು ಬದಿಯಲ್ಲಿ ವಿಡಿಯೊ, ಇನ್ನೊಂದು ಬದಿಯಲ್ಲಿ ರೂಟರ್‌ನ ತಂತಿ.

ಮನೆಯಲ್ಲಿ ದೂರದರ್ಶನದ ಉಚಿತ ಡಿಶ್ ಇದ್ದರೆ ದಾರಿ ಇನ್ನೂ ಸಲೀಸು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಆ ಸೇವೆಯಲ್ಲಿ ಬೀಗ ಹಾಕದ ವಾಹಿನಿಗಳಿವೆ. ಕಂಪ್ಯೂಟರಿಗೆ ಉಪಗ್ರಹ ಟ್ಯೂನರ್ ಹಾಕಿ, ಟಿವಿಹೆಡೆಂಡ್ ಎಂಬ ತಂತ್ರಾಂಶ ನಡೆಸಿದರೆ ಸೆಟ್‌ಟಾಪ್ ಬಾಕ್ಸ್ ಇಲ್ಲದೆಯೇ ಆ ವಾಹಿನಿಗಳನ್ನು ನೋಡಬಹುದು, ರೆಕಾರ್ಡ್ ಕೂಡ ಮಾಡಬಹುದು. ಆದರೆ ಅದರಲ್ಲಿ ನಮ್ಮ ಕೇಬಲ್ ವಾಹಿನಿ ಇಲ್ಲವಲ್ಲ!

ಎಚ್‌ಡಿಎಂಐ ತಂತಿಯಿಂದ ಹಿಡಿದರೆ ಪರದೆ ಕಪ್ಪಾಗುತ್ತದೆ. ಸಾಧನ ಹಾಳಾಗಿದೆಯೇ?

ಇಲ್ಲ. ಎಚ್‌ಡಿಎಂಐ ಮೂಲಕ ಹೋಗುವ ಚಿತ್ರಕ್ಕೆ ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗವಿರುತ್ತದೆ. ಬಾಕ್ಸ್ ಮತ್ತು ಟಿವಿ ಪರಸ್ಪರ ಗುರುತು ಹಿಡಿದ ಮೇಲೆಯೇ ಚಿತ್ರ ಹರಿಯುವುದು. ಕ್ಯಾಪ್ಚರ್ ಸಾಧನವನ್ನು ಬಾಕ್ಸ್ ಟಿವಿಯೆಂದು ಒಪ್ಪುವುದಿಲ್ಲ. ಬೀಗ ಮುರಿಯುವ ಸಾಮಾನುಗಳ ಬಗ್ಗೆ ಅಲ್ಲಲ್ಲಿ ಓದಿರುತ್ತೀರಿ, ನಾನು ಆ ದಾರಿ ಹೇಳುವುದಿಲ್ಲ. ಹಳದಿ ಪಿನ್ನಿಗೆ ಈ ಬೀಗವಿಲ್ಲ, ಅದನ್ನೇ ಬಳಸಿ. ಟಿವಿಗೆ ಎಚ್‌ಡಿಎಂಐ, ದೂರದವರಿಗೆ ಹಳದಿ ಪಿನ್ನು. ಬಹಳ ಬಾಕ್ಸ್‌ಗಳು ಎರಡನ್ನೂ ಒಟ್ಟಿಗೇ ಕೊಡುತ್ತವೆ.

ಮನೆಯಲ್ಲಿ ಎಷ್ಟು ವೇಗದ ಇಂಟರ್ನೆಟ್ ಬೇಕು?

ಎಲ್ಲರೂ ಡೌನ್‌ಲೋಡ್ ವೇಗ ಹೇಳುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯಿಂದ ಹೊರಕ್ಕೆ ಹೋಗುವ ಅಪ್‌ಲೋಡ್ ವೇಗ. ಸಾಧಾರಣ ಗುಣಮಟ್ಟದ ಟಿವಿ ಚಿತ್ರಕ್ಕೆ ಸೆಕೆಂಡಿಗೆ 1ರಿಂದ 1.5 ಮೆಗಾಬಿಟ್ ಸಾಕು, ಎಚ್‌ಡಿಗೆ 3ರಿಂದ 4 ಬೇಕು. ಅಳೆದ ವೇಗದ ಅರ್ಧದಷ್ಟನ್ನೇ ನಂಬಿ. ಅಂದರೆ 1.5 ಮೆಗಾಬಿಟ್ ಚಿತ್ರಕ್ಕೆ ಕನಿಷ್ಠ 3 ಮೆಗಾಬಿಟ್ ಅಪ್‌ಲೋಡ್ ಇರಲಿ. ಫೈಬರ್ ಬಂದಿರುವ ಮನೆಗೆ ಇದು ಲೆಕ್ಕಕ್ಕೇ ಇಲ್ಲ.

ಫೈಬರ್ ಬರದ ಕಡೆ ಮೊಬೈಲ್ ಸಿಮ್ ಹಾಕುವ ರೂಟರ್ ಗತಿ. ಕಕ್ಕಬ್ಬೆ, ಭಾಗಮಂಡಲದ ಆಚೆಯ ಕೆಲವು ಮನೆಗಳಲ್ಲಿ ಮೊಬೈಲ್ ಹಿಡಿದು ಅಂಗಳದ ಮೂಲೆಗೆ ಹೋಗಿ ನಿಲ್ಲುವುದು ಮಾಮೂಲು. ಅಂಥಲ್ಲಿ ರೂಟರನ್ನು ಆ ಮೂಲೆಯ ಕಡೆಗಿರುವ ಕಿಟಕಿಯ ಬಳಿ ಇಡಿ, ಟಿವಿಯ ಬಳಿ ಅಲ್ಲ. ಡೇಟಾ ಲೆಕ್ಕವನ್ನೂ ನೋಡಿಕೊಳ್ಳಿ. ಸೆಕೆಂಡಿಗೆ 1.5 ಮೆಗಾಬಿಟ್ ಎಂದರೆ ಗಂಟೆಗೆ ಸುಮಾರು 675 ಮೆಗಾಬೈಟ್. ಅಷ್ಟೇ ಡೇಟಾ ನೋಡುವವರ ಮೊಬೈಲ್‌ನಲ್ಲೂ ಖರ್ಚಾಗುತ್ತದೆ. ದಿನದ ಮಿತಿ ಇರುವ ಸಿಮ್ ಆದರೆ ದಶಮಂಟಪ ಹೊರಡುವ ಮೊದಲೇ ಡೇಟಾ ಮುಗಿದಿರುತ್ತದೆ.

ಮನೆಯ ವೈಫೈಯಲ್ಲಿ ಕಾಣುತ್ತದೆ, ಮೈಸೂರಿಗೆ ಹೋದರೆ ಕಾಣುವುದಿಲ್ಲ. ಯಾಕೆ?

ನನ್ನ ಎರಡು ವಾರ ತಿಂದ ಪ್ರಶ್ನೆ ಇದು. ಇಂಟರ್ನೆಟ್ ವಿಳಾಸಗಳ ಹಳೆಯ ಪದ್ಧತಿಯಲ್ಲಿ ವಿಳಾಸಗಳು ಸಾಲದೇ ಬಂದಿವೆ. ಅದಕ್ಕಾಗಿ ಅನೇಕ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಎಸ್ಟೇಟಿನ ಲೈನ್ ಮನೆಗಳಿಗೆಲ್ಲ ರಸ್ತೆ ಬದಿಯಲ್ಲಿ ಒಂದೇ ಅಂಚೆ ಪೆಟ್ಟಿಗೆ ಇದ್ದಂತೆ. ಒಳಗಿನವರು ಹೊರಕ್ಕೆ ಪತ್ರ ಬರೆಯಬಹುದು, ಉತ್ತರವೂ ಬರುತ್ತದೆ. ಆದರೆ ಹೊರಗಿನವನು ತಾನಾಗಿ ಪತ್ರ ಹಾಕಿದರೆ ಯಾವ ಮನೆಗೆಂದು ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನವರಿಗೆ ಬಾಗಿಲು ತೆರೆದಿಡಿ, ಎಂದು ಹೇಳುವ ಹಳೆಯ ವಿಡಿಯೊಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ಒಂದು ಕಂಪನಿಯ ಸಹಾಯವಾಣಿಗೆ ನಾಲ್ಕು ಬಾರಿ ಕರೆ ಮಾಡಿದೆ, ನಾಲ್ಕು ಬಾರಿಯೂ ರೂಟರ್ ಆರಿಸಿ ಹಾಕಿ ಎಂದರು.

ಪರಿಹಾರ ಸುಲಭವೇ. ಮನೆಯ ಕಂಪ್ಯೂಟರ್ ಮತ್ತು ನಿಮ್ಮ ಮೊಬೈಲ್ ಎರಡರಲ್ಲೂ ಟೈಲ್‌ಸ್ಕೇಲ್ ಎಂಬ ಆ್ಯಪ್ ಹಾಕಿ, ಒಂದೇ ಖಾತೆಯಿಂದ ಒಳಹೋಗಿ. ಅದು ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರವನ್ನು, ಅಂದರೆ ಇಂಟರ್ನೆಟ್ ಒಳಗೇ ಖಾಸಗಿ ದಾರಿ ಮಾಡುವ ತಂತ್ರವನ್ನು, ಆಧರಿಸಿದೆ. ಎರಡೂ ಕಡೆಯವರು ಒಳಗಿನಿಂದಲೇ ಹೊರಕ್ಕೆ ಬಂದು ನಡುದಾರಿಯಲ್ಲಿ ಕೈಕುಲುಕುವ ವ್ಯವಸ್ಥೆ ಅದು. ಮನೆಯವರ ಬಳಕೆಗೆ ಉಚಿತ ಯೋಜನೆಯೇ ಸಾಕು. ಡಿವಿಆರ್ ಉಪಾಯ ಹಿಡಿದವರಿಗೆ ಇದಾವುದೂ ಬೇಡ.

ಬೆಂಗಳೂರಿನಿಂದ ಚಾನೆಲ್ ಬದಲಾಯಿಸಬಹುದೇ?

ಬದಲಾಯಿಸಬಹುದು. ಬದಲಾಯಿಸಬಾರದು.

ವೈಫೈಗೆ ಸೇರುವ ಇನ್‌ಫ್ರಾರೆಡ್ ಬ್ಲಾಸ್ಟರ್ ಎಂಬ ಗುಂಡನೆಯ ಸಾಧನ ಸಿಗುತ್ತದೆ. ಅದಕ್ಕೆ ನಿಮ್ಮ ರಿಮೋಟ್‌ನ ಗುಂಡಿಗಳನ್ನು ಒಂದೊಂದಾಗಿ ಕಲಿಸಿ ಬಾಕ್ಸ್‌ನ ಎದುರಿಗಿಟ್ಟರೆ, ನೀವು ಮೊಬೈಲ್‌ನಲ್ಲಿ ಒತ್ತಿದ್ದನ್ನು ಅದು ಅಲ್ಲಿ ಒತ್ತುತ್ತದೆ. ಮೊದಲ ದಿನ ಇದನ್ನು ಪರೀಕ್ಷಿಸುತ್ತಾ ನಾನು ರಾತ್ರಿ ಎಂಟೂವರೆಗೆ ಸುದ್ದಿ ವಾಹಿನಿಗೆ ಹೋದೆ. ಅಲ್ಲಿ ಮನೆಯಲ್ಲಿ ಅಜ್ಜಿಯ ಧಾರಾವಾಹಿಯಲ್ಲಿ ಸೊಸೆ ಗುಟ್ಟು ಹೇಳಲು ಬಾಯಿ ತೆರೆದಿದ್ದಳಂತೆ. ಅಜ್ಜಿ ಹಿಂದಕ್ಕೆ ಹಾಕಿದರು. ನಾನು ಸಾಧನ ಸರಿಯಿಲ್ಲವೆಂದುಕೊಂಡು ಮತ್ತೆ ಮುಂದಕ್ಕೆ ಹಾಕಿದೆ. ಹೀಗೆ ಐದು ಬಾರಿ ಆದ ಮೇಲೆ ಅಪ್ಪ ಕೇಬಲ್‌ನವರಿಗೆ ಫೋನ್ ಮಾಡಿ ಬೈದರು. ಪಾಪ, ಆತ ಮರುದಿನ ಬೆಳಿಗ್ಗೆ ಮಳೆಯಲ್ಲೇ ಬಂದು ತಂತಿ ಬದಲಾಯಿಸಿ ಹೋಗಿದ್ದ.

ಬಾಕ್ಸ್ ಒಂದೇ ಆದರೆ ಚಿತ್ರವೂ ಒಂದೇ. ನಿಮಗೆ ಬೇರೆ ವಾಹಿನಿ ಬೇಕಾದರೆ ಎರಡನೆಯ ಸೆಟ್‌ಟಾಪ್ ಬಾಕ್ಸ್‌ಗೆ ಸಂಪರ್ಕ ತೆಗೆದುಕೊಳ್ಳಿ. ಅದನ್ನು ಸ್ಥಳೀಯ ವಾಹಿನಿಗೆ ಹಾಕಿ ಬಿಟ್ಟರೆ ರಿಮೋಟೂ ಬೇಡ, ಬ್ಲಾಸ್ಟರೂ ಬೇಡ. ನಮ್ಮ ಮನೆಯಲ್ಲಿ ಈಗ ಹಾಗೆಯೇ ಇದೆ, ಮನೆಯಲ್ಲಿ ಶಾಂತಿಯೂ ಇದೆ.

ಮಳೆಗಾಲದಲ್ಲಿ ಏನಾಗುತ್ತದೆ?

ಮಳೆಗಾಲದಲ್ಲಿ ಏನಾಗುತ್ತದೆ ಎಂದು ಕೊಡಗಿನವರು ಕೇಳುವುದೇ ವಿಚಿತ್ರ. ಎಲ್ಲವೂ ಆಗುತ್ತದೆ.

ಮೊದಲು ಡಿಶ್. ಮನೆಯ ಡಿಶ್‌ಗಳು ಹಿಡಿಯುವುದು ಕೆಯು ಬ್ಯಾಂಡ್ ತರಂಗಗಳನ್ನು, ಅವುಗಳ ಅಲೆಯುದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮಳೆಹನಿಗಳು ಈ ತರಂಗಗಳನ್ನು ಹೀರುತ್ತವೆ, ಚದುರಿಸುತ್ತವೆ. ಜುಲೈ, ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿದು ಸುರಿಯುವಾಗ ಸಿಗ್ನಲ್ ಇಲ್ಲ ಎಂಬ ನೀಲಿ ಪರದೆ ಬರುವುದು ಇದರಿಂದ. ಡಿಶ್ ಕೊಂಚ ದೊಡ್ಡದಿದ್ದರೆ, ದಿಕ್ಕು ಕರಾರುವಾಕ್ಕಾಗಿದ್ದರೆ ಕಷ್ಟ ಕಡಿಮೆಯಾಗುತ್ತದೆ, ಇಲ್ಲದಾಗುವುದಿಲ್ಲ. ಉಚಿತ ಡಿಶ್‌ನ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಕೊಡಗಿನಿಂದ ನೋಡಿದರೆ ಆಗ್ನೇಯಕ್ಕೆ, ಸಾಕಷ್ಟು ಮೇಲೆ. ಆ ದಿಕ್ಕಿನಲ್ಲಿ ಹತ್ತು ವರ್ಷದ ಹಿಂದೆ ಮೊಣಕಾಲೆತ್ತರ ಇದ್ದ ಸಿಲ್ವರ್ ಓಕ್ ಈಗ ಎಷ್ಟು ಬೆಳೆದಿದೆ ಎಂದು ಒಮ್ಮೆ ನೋಡಿ. ನಾಪೋಕ್ಲಿನ ಚಿಕ್ಕಪ್ಪನ ಮನೆಯಲ್ಲಿ ಎರಡು ಬಾರಿ ಬಾಕ್ಸ್ ಬದಲಾಯಿಸಿದರು. ತಪ್ಪು ಮಾಡಿದ್ದು ಮರ. ಕೇಬಲ್ ಸಂಪರ್ಕಕ್ಕೆ ಮಳೆಯ ಈ ಕಾಟ ಕಡಿಮೆ, ಆದರೆ ತಂತಿಯ ಮೇಲೆ ಕೊಂಬೆ ಬೀಳುವ ಕಾಟ ಹೆಚ್ಚು. ಫೈಬರಿಗೂ ಅಷ್ಟೇ. ಎರಡೂ ಒಂದೇ ಕಂಬಗಳ ಮೇಲೆ ಬರುತ್ತಿದ್ದರೆ ಒಂದೇ ಕೊಂಬೆ ಎರಡನ್ನೂ ಕೆಡವುತ್ತದೆ.

ಆಮೇಲೆ ಕರೆಂಟ್. ಟಿವಿ ಬೇಡ, ಬಾಕ್ಸ್, ರೂಟರ್, ಸಣ್ಣ ಕಂಪ್ಯೂಟರ್ ಮೂರು ನಡೆದರೆ ಸಾಕು. ಮೂರೂ ಸೇರಿ ಮೂವತ್ತು ವ್ಯಾಟ್ ಆಚೀಚೆ. ಈ ಮೂರರ ಪ್ಲಗ್‌ಗಳು ಇನ್ವರ್ಟರ್ ಸಾಲಿನಲ್ಲಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ರೂಟರ್ ಇನ್ವರ್ಟರ್‌ನಲ್ಲಿ, ಬಾಕ್ಸ್ ಮಾತ್ರ ಸಾದಾ ಪ್ಲಗ್‌ನಲ್ಲಿ ಇರುವ ಮನೆಗಳನ್ನು ನಾನು ನೋಡಿದ್ದೇನೆ. ಕೇಬಲ್ ಸಂಪರ್ಕವಾದರೆ ದಾರಿಯ ಕಂಬದಲ್ಲಿರುವ ಆಂಪ್ಲಿಫೈಯರಿಗೂ ಕರೆಂಟ್ ಬೇಕು. ಅದಕ್ಕೆ ನಿಮ್ಮ ಇನ್ವರ್ಟರ್ ಏನೂ ಮಾಡಲಾರದು.

ಎಲ್ಲಕ್ಕಿಂತ ಕೆಟ್ಟದ್ದು ಮುಂಗಾರಿಗೂ ಮೊದಲೇ ಬರುತ್ತದೆ. ಕಾಫಿಗೆ ಹೂಮಳೆ ಬರಲೆಂದು ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲರೂ ಮುಗಿಲು ನೋಡುತ್ತಿರುತ್ತೇವೆ. ಅದರ ಜೊತೆಗೇ ಸಿಡಿಲೂ ಬರುತ್ತದೆ. ಡಿಶ್‌ನ ತಂತಿ, ಕೇಬಲ್ ತಂತಿ, ಸಿಸಿಟಿವಿಯ ಉದ್ದನೆಯ ತಂತಿಗಳು ಸಿಡಿಲಿನ ಏಟನ್ನು ನೇರವಾಗಿ ಒಳಗೆ ತರುತ್ತವೆ. ಬಾಕ್ಸನ್ನು ಡಿವಿಆರಿಗೂ ಡಿವಿಆರನ್ನು ರೂಟರಿಗೂ ಜೋಡಿಸಿದ ಮೇಲೆ ಒಂದಕ್ಕೆ ಬಿದ್ದ ಏಟು ಮೂರಕ್ಕೂ ತಗಲುತ್ತದೆ. ನನ್ನ ಮೊದಲ ಕ್ಯಾಪ್ಚರ್ ಕಡ್ಡಿ, ಬಾಕ್ಸ್ ಮತ್ತು ರೂಟರ್ ಒಂದೇ ಸಂಜೆ ಹೋದವು. ಮೋಡ ಗುಡುಗಿದರೆ ಪ್ಲಗ್ ಮಾತ್ರ ಸಾಲದು, ತಂತಿಗಳನ್ನೂ ಕಿತ್ತಿಡಿ. ಫೈಬರಿನ ಎಳೆ ಗಾಜಿನದು, ಅದರ ಮೂಲಕ ಸಿಡಿಲು ಬರುವುದಿಲ್ಲ.

ನೋಡುವುದು ಬೇಡ, ಕೇಳಿದರೆ ಸಾಕು. ಆಗುತ್ತದೆಯೇ?

ಆಗುತ್ತದೆ, ಮತ್ತು ಇದನ್ನು ಕೇಳುವವರು ಕಡಿಮೆ ಎಂಬುದೇ ನನಗೆ ಬೇಸರ. ಧ್ವನಿ ಮಾತ್ರ ಕಳಿಸಿದರೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು, ಗಂಟೆಗೆ 29 ಮೆಗಾಬೈಟ್ ಆಸುಪಾಸು. ಕಾರು ಓಡಿಸುತ್ತಾ, ಅಡುಗೆ ಮಾಡುತ್ತಾ ಊರಿನ ಸುದ್ದಿ ಕೇಳಬಹುದು. ಸಿಗ್ನಲ್ ಕೈಕೊಡುವ ಮನೆಗಳಿಗೂ ಇದೇ ಸರಿ. ಎಫ್‌ಎಫ್‌ಎಂಪೆಗ್‌ನಲ್ಲಿ ಚಿತ್ರವನ್ನು ಬಿಟ್ಟು ಧ್ವನಿಯನ್ನಷ್ಟೇ ಇನ್ನೊಂದು ಹೊಳೆಯಾಗಿ ಹರಿಸಿದರೆ ಆಯಿತು.

ರೇಡಿಯೊ ಬೇಕಾದರೆ ಮನೆಯ ಯಂತ್ರಗಳ ಗೋಜೇ ಬೇಡ. ಮಡಿಕೇರಿ ಆಕಾಶವಾಣಿ 103.1 ಎಫ್‌ಎಂ ಕಂಪನಾಂಕದಲ್ಲಿ ಬರುತ್ತದೆ, ಕೊಡವ ಭಾಷೆಯ ಕಾರ್ಯಕ್ರಮಗಳೂ ಅದರಲ್ಲಿವೆ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ದೇಶದ ಆಕಾಶವಾಣಿ ಕೇಂದ್ರಗಳು ಸಾಲಾಗಿವೆ, ಮೊದಲು ಮಡಿಕೇರಿಯನ್ನು ಅಲ್ಲಿ ಹುಡುಕಿ. ಆ್ಯಪ್ ಕೈಕೊಟ್ಟ ದಿನಕ್ಕೆಂದು ನಾನು ಮನೆಯ ಪೈಗೆ ರೇಡಿಯೊ ತರಂಗ ಹಿಡಿಯುವ ಒಂದು ಎಸ್‌ಡಿಆರ್ ಕಡ್ಡಿ ಸಿಕ್ಕಿಸಿದ್ದೇನೆ. ಅದು ಎಫ್‌ಎಂ ಹಿಡಿದು ಬೆಂಗಳೂರಿಗೆ ಕಳಿಸುತ್ತದೆ. ಬೆಳಿಗ್ಗೆ ಕಾಫಿ ಕುದಿಯುವಾಗ ಊರಿನ ರೇಡಿಯೊದ ಕರಕರ ಸದ್ದು ಸಹಿತ ಕೇಳಿಸುತ್ತದೆ. ಆ್ಯಪ್‌ನಲ್ಲಿ ಆ ಕರಕರ ಇಲ್ಲ.

ಕ್ರಿಕೆಟ್ ನೋಡುವಾಗ ಎಷ್ಟು ತಡವಾಗಿ ಬರುತ್ತದೆ?

ಹಿಡಿದು, ಕುಗ್ಗಿಸಿ, ಕಳಿಸುವ ಹೊತ್ತು ಸೇರಿ ಒಂದೆರಡು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ. ಬಿಡದೆ ಹರಿಯುವ ಆರ್‌ಟಿಎಸ್‌ಪಿ ಎಂಬ ವಿಧಾನವಾದರೆ ತಡ ಕಡಿಮೆ, ಬ್ರೌಸರಿನಲ್ಲಿ ತುಂಡುತುಂಡಾಗಿ ಬರುವ ಎಚ್‌ಎಲ್‌ಎಸ್ ಆದರೆ ಹೆಚ್ಚು. ಮನೆಯವರ ವಾಟ್ಸ್‌ಆ್ಯಪ್ ಗುಂಪನ್ನು ಅಷ್ಟು ಹೊತ್ತು ಮುಚ್ಚಿಡಿ. ವಿಕೆಟ್ ಬಿದ್ದ ಸುದ್ದಿ ಚೆಂಡಿಗಿಂತ ಮೊದಲು ಬರುತ್ತದೆ.

ಇದು ಕಾನೂನಿಗೆ ಸರಿಯೇ?

ನಾನು ವಕೀಲನಲ್ಲ, ಓದಿ ತಿಳಿದಷ್ಟು ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆಯ 37ನೇ ಕಲಮು ಪ್ರಸಾರ ಸಂಸ್ಥೆಗಳಿಗೆ ತಮ್ಮ ಪ್ರಸಾರದ ಮೇಲೆ ಹಕ್ಕು ಕೊಡುತ್ತದೆ. ಅನುಮತಿ ಇಲ್ಲದೆ ಮರುಪ್ರಸಾರ ಮಾಡುವುದು ಆ ಹಕ್ಕಿನ ಉಲ್ಲಂಘನೆ. 39ನೇ ಕಲಮು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳುವುದನ್ನು ಉಲ್ಲಂಘನೆಯಲ್ಲ ಎನ್ನುತ್ತದೆ. ನನ್ನ ಮನೆಯ ಚಿತ್ರ ನನ್ನ ಮೊಬೈಲ್‌ಗೆ ಬರುವುದನ್ನು ಈ ಕಾಯಿದೆ ಹೆಸರಿಟ್ಟು ಹೇಳುವುದಿಲ್ಲ. ಕೇಬಲ್ ಮತ್ತು ಡಿಟಿಎಚ್ ಕರಾರುಗಳು ಸಂಪರ್ಕ ಕೊಟ್ಟ ಮನೆಯ ಬಳಕೆಗೆ ಎನ್ನುತ್ತವೆ, ಅದನ್ನೂ ಓದಿಕೊಳ್ಳಿ.

ಗೆರೆ ಎಲ್ಲಿದೆ ಎಂದು ತೋರಿಸಲು ಅಮೆರಿಕದ ಒಂದು ಪ್ರಕರಣ ಸಾಕು. ಏರಿಯೊ ಎಂಬ ಕಂಪನಿ ಪ್ರತಿ ಗ್ರಾಹಕನಿಗೂ ಬೆರಳುಗುರಿನಷ್ಟು ಪುಟ್ಟ ಆಂಟೆನಾವನ್ನು ಬಾಡಿಗೆಗೆ ಕೊಟ್ಟು, ಅದರಿಂದ ಹಿಡಿದ ಟಿವಿಯನ್ನು ಇಂಟರ್ನೆಟ್‌ನಲ್ಲಿ ಕಳಿಸುತ್ತಿತ್ತು. ಆಂಟೆನಾ ಗ್ರಾಹಕನದ್ದೇ ಎಂಬುದು ಅದರ ವಾದ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆರು ಮೂರರ ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು. ದುಡ್ಡಿಗಾಗಿ ಹತ್ತು ಜನರಿಗೆ ಕೊಟ್ಟರೆ ಅದು ಪ್ರಸಾರವೇ. ನಿಮ್ಮ ಲಿಂಕನ್ನು ಕುಟುಂಬದ ದೊಡ್ಡ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ನಮ್ಮ ಕುಟುಂಬದ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದಾರೆ, ಅವರಲ್ಲಿ ಅರ್ಧದಷ್ಟು ಮಂದಿಯ ಮುಖ ನನಗೆ ಗೊತ್ತಿಲ್ಲ.

ದುಬೈಯಲ್ಲಿರುವ ಮಗನಿಗೂ ಕಾಣುತ್ತದೆಯೇ?

ತಾಂತ್ರಿಕವಾಗಿ ಕಾಣುತ್ತದೆ. ಆದರೆ ಅಲ್ಲಿ ವಿಪಿಎನ್ ಬಳಕೆಗೆ ಕಟ್ಟುನಿಟ್ಟಿನ ನಿಯಮಗಳಿವೆ. ಅವನ್ನು ತಿಳಿದುಕೊಳ್ಳದೆ ಟೈಲ್‌ಸ್ಕೇಲ್‌ನಂಥದ್ದನ್ನು ಹಾಕಿಕೊಳ್ಳಲು ಹೇಳಬೇಡಿ.

ಯಾರಾದರೂ ಒಳನುಗ್ಗಬಹುದೇ?

ಡಿವಿಆರ್ ಬಂದಾಗ ಇದ್ದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದರೆ ನುಗ್ಗಬಹುದು. ನುಗ್ಗಿದವನಿಗೆ ನಿಮ್ಮ ಧಾರಾವಾಹಿ ಬೇಕಾಗಿರುವುದಿಲ್ಲ, ಗೇಟಿನ ಕ್ಯಾಮೆರಾ ಬೇಕಾಗಿರುತ್ತದೆ. ಕಾಫಿ ಒಣಗಲು ಹಾಕಿದ ಕಣವನ್ನು ಯಾರು ಯಾವಾಗ ಕಾಯುತ್ತಾರೆ ಎಂದು ಹೊರಗಿನವರಿಗೆ ತಿಳಿಯಬಾರದು. ಹಾಕಿಕೊಟ್ಟ ಹುಡುಗನಿಗೆ ಗೊತ್ತಿರುವ ಪಾಸ್‌ವರ್ಡನ್ನೂ ಬದಲಾಯಿಸಿ. ರೂಟರ್‌ನಲ್ಲಿ ಪೋರ್ಟ್‌ಗಳನ್ನು ತೆರೆದಿಡಬೇಡಿ.

ಕರೆಂಟ್ ಬಿಲ್ ಎಷ್ಟು ಹೆಚ್ಚುತ್ತದೆ?

ಮೂವತ್ತು ವ್ಯಾಟ್ ಹಗಲುರಾತ್ರಿ ನಡೆದರೆ ತಿಂಗಳಿಗೆ 22 ಯೂನಿಟ್ ಆಸುಪಾಸು. ರೂಟರ್ ಹೇಗೂ ನಡೆಯುತ್ತಲೇ ಇರುವುದರಿಂದ ಹೊಸದಾಗಿ ಸೇರುವುದು ಅದಕ್ಕಿಂತ ಕಡಿಮೆ.

ಎಲ್ಲ ಸರಿ ಇತ್ತು, ಇದ್ದಕ್ಕಿದ್ದಂತೆ ನಿಂತಿದೆ. ಮೊದಲು ಏನು ನೋಡಬೇಕು?

ಅಮ್ಮನನ್ನು ಕೇಳಿ. ಟಿವಿ ಆರಿಸಿ ಮಲಗುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಅವರ ಜನ್ಮದ ಅಭ್ಯಾಸ, ಅದು ಒಳ್ಳೆಯ ಅಭ್ಯಾಸವೂ ಹೌದು. ನಾನು ಫೋನಿನಲ್ಲಿ ಎಷ್ಟು ವಿವರಿಸಿದರೂ ಬೆಳಿಗ್ಗೆ ಪೆಟ್ಟಿಗೆ ಸತ್ತಿರುತ್ತಿತ್ತು. ಕೊನೆಗೆ ಆ ಸ್ವಿಚ್ಚಿನ ಮೇಲೆ ಬಿಳಿ ಟೇಪ್ ಅಂಟಿಸಿ, ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಆರಿಸಬೇಡಿ ಎಂದು ಬರೆದಿದ್ದಾಗ ಆರಿಸುತ್ತಿದ್ದರು. ಹೆಸರು ಬರೆದ ಮೇಲೆ ಮುಟ್ಟಿಲ್ಲ, ಗುಡುಗಿದಾಗ ಮಾತ್ರ ಮೊದಲು ಆ ಪೆಟ್ಟಿಗೆಯನ್ನೇ ಕಿತ್ತು ಒಳಗಿಡುತ್ತಾರೆ.